ಅದತ್ತವಾದುದರ ದಾನ

ದಾನವನ್ನು ಅಳೆಯುವಾಗ ದಾನಿಯ ಔದಾರ್ಯವೊಂದನ್ನೇ ನೋಡುವುದು ಲೋಕದ ರೂಢಿ. ಕೊಟ್ಟ ವಸ್ತು ದಾನಿಯ ಕೈಗೆ ಯಾವ ಹಾದಿಯಿಂದ ಬಂದಿತೆಂದು ಕೇಳುವುದು ಅವಿನಯವೆನಿಸುತ್ತದೆ. ಆದರೆ ನೀತಿವಿಚಾರ ಆರಂಭವಾಗಬೇಕಾದುದೇ ಆ ಪ್ರಶ್ನೆಯಿಂದ. ಅಮೆರಿಕದ ಷಿಕಾಗೋ ನಗರದ ಜೇಮ್ಸ್ ಮತ್ತು ಮೆರಿಲಿನ್ ಆಲ್ಸ್‌ಡಾರ್ಫ್ ದಂಪತಿಗಳ ಕಲಾಸಂಗ್ರಹ ಇದಕ್ಕೆ ಸ್ಪಷ್ಟ ನಿದರ್ಶನವಾಗಿದೆ.

1950ರಲ್ಲಿ ವಿವಾಹವಾದ ಈ ದಂಪತಿಗಳು ಹಲವು ದಶಕಗಳ ಕಾಲ ಭಾರತ, ನೇಪಾಳ, ಟಿಬೆಟ್ ಹಾಗೂ ಆಗ್ನೇಯ ಏಷ್ಯದ ಶಿಲ್ಪಗಳನ್ನು ಕೂಡಿಸಿದರು. ಜೇಮ್ಸ್ 1975ರಿಂದ 1978ರವರೆಗೆ ಷಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟ್‌ನ ಧರ್ಮದರ್ಶಿ ಮಂಡಲಿಯ ಅಧ್ಯಕ್ಷರಾಗಿದ್ದು, 1990ರಲ್ಲಿ ತೀರಿಕೊಂಡರು. ಮೆರಿಲಿನ್ 2019ರಲ್ಲಿ ನಿಧನರಾದರು. ಸಂಗ್ರಹದ ನೂರಾರು ಕೃತಿಗಳು ಆ ಸಂಸ್ಥೆಗೆ ಸಂದವು. 2008ರಲ್ಲಿ ಅಲ್ಲಿ ತೆರೆದ ಏಷ್ಯದ ಕಲಾಶಾಲೆಗಳಿಗೆ ಅವರ ಹೆಸರನ್ನೇ ಇಡಲಾಯಿತು. ಅವರ ಅಭಿರುಚಿಯೂ ಕಲಾಪ್ರೇಮವೂ ನಿರ್ವಿವಾದ. ವಿವಾದವಿರುವುದು ಬೇರೆಡೆ.

ಥಾಯ್ಲೆಂಡಿನ ಬುರಿರಾಮ್ ಪ್ರಾಂತದ ಫನೊಮ್ ರುಂಗ್ ದೇವಾಲಯದಲ್ಲಿ ಅನಂತಶಯನ ವಿಷ್ಣುವಿನ ಶಿಲ್ಪವುಳ್ಳ ದ್ವಾರಪಟ್ಟಿಕೆಯೊಂದಿತ್ತು. 1960ರ ದಶಕದಲ್ಲಿ ಕಾಣೆಯಾದ ಅದು ಮುಂದೆ ಷಿಕಾಗೋ ಸಂಸ್ಥೆಯಲ್ಲಿ, ಆಲ್ಸ್‌ಡಾರ್ಫ್ ಪ್ರತಿಷ್ಠಾನ ಎರವಲಾಗಿ ಇರಿಸಿದ ವಸ್ತುವಾಗಿ ಕಾಣಿಸಿಕೊಂಡಿತು. ಅದನ್ನು ಗುರುತಿಸಿದವರು ಥಾಯ್ ವಿದ್ವಾಂಸ ಸುಭದ್ರದಿಸ್ ದಿಸ್ಕುಲ್. ದೀರ್ಘಕಾಲದ ಒತ್ತಾಯ, ಜನರ ಪ್ರತಿಭಟನೆಗಳ ತರುವಾಯ 1988ರಲ್ಲಿ ಅದು ಸ್ವದೇಶಕ್ಕೆ ಮರಳಿತು.

ಇಂಥ ಎಚ್ಚರಿಕೆಯೊಂದು ಸಿಕ್ಕ ಮೇಲೆ ಸಂಗ್ರಹದ ಪ್ರತಿಯೊಂದು ವಸ್ತುವಿನ ಮೂಲವನ್ನೂ ಶೋಧಿಸಬೇಕಾಗಿತ್ತು. ನಡೆದುದೇನು? ಕಾಠ್ಮಂಡುವಿನ ರಾಜ ಪ್ರತಾಪ ಮಲ್ಲನು 17ನೆಯ ಶತಮಾನದಲ್ಲಿ ತಲೇಜು ದೇವಿಗೆ ಅರ್ಪಿಸಿದ ರತ್ನಖಚಿತ ಹಾರವನ್ನು ಆಲ್ಸ್‌ಡಾರ್ಫ್ ಪ್ರತಿಷ್ಠಾನ 1976ರಲ್ಲಿ ವ್ಯಾಪಾರಿಯೊಬ್ಬನಿಂದ ಕೊಂಡಿತು. ಪುರಾತನ ವಸ್ತುಗಳ ರಫ್ತನ್ನು ನಿರ್ಬಂಧಿಸುವ ಶಾಸನ ನೇಪಾಳದಲ್ಲಿ 1956ರಿಂದಲೇ ಇತ್ತು. ಆ ದೇಶದಿಂದ ಕಳವಾದ ಮೂರ್ತಿಗಳ ಚಿತ್ರಗಳನ್ನು ಲೈನ್ ಸಿಂಗ್ ಬಾಂಗ್ದೇಲ್ 1989ರಲ್ಲಿಯೇ ಗ್ರಂಥರೂಪದಲ್ಲಿ ಪ್ರಕಟಿಸಿದ್ದರು. ನೇಪಾಳದ ದೇವಸ್ವಗಳು ಲೂಟಿಯಾಗುತ್ತಿವೆಯೆಂಬುದು ಕಲಾಲೋಕದಲ್ಲಿ ಯಾರಿಗೂ ಗುಟ್ಟಾಗಿರಲಿಲ್ಲ. ಆದರೂ 2010ರಲ್ಲಿ ಸಂಸ್ಥೆ ಹಾರವನ್ನು ಕೊಡುಗೆಯಾಗಿ ಸ್ವೀಕರಿಸಿತು. ದೇವಿಗೆ ಅರ್ಪಿತವಾದುದೆಂದು ಹಾರದ ಮೇಲಿನ ಬರಹವೇ ಸಾರುತ್ತಿತ್ತು! 2021ರಲ್ಲಿ ನೇಪಾಳಿ ಪ್ರಾಧ್ಯಾಪಕಿಯೊಬ್ಬರು ಗಾಜಿನ ಪೆಟ್ಟಿಗೆಯಲ್ಲಿ ಅದನ್ನು ಕಂಡು ಕೈಮುಗಿದು ಕಣ್ಣೀರಿಟ್ಟರು. ನೇಪಾಳ ಹಾರವನ್ನು ಕೇಳಿದಾಗ ಸಂಸ್ಥೆ ಮತ್ತಷ್ಟು ಮಾಹಿತಿ ಬೇಕೆಂದಿತು. ಕೊಳ್ಳುವಾಗ ಬೇಡವಾಗಿದ್ದ ಪುರಾವೆ ಕೊಡುವಾಗ ಮಾತ್ರ ಬೇಕಾಗುವುದು ಯಾವ ನ್ಯಾಯ?

2025ರ ಮಾರ್ಚ್ ತಿಂಗಳಿನಲ್ಲಿ ಸಂಸ್ಥೆ ಮತ್ತೊಂದು ಕೃತಿಯನ್ನು ನೇಪಾಳಕ್ಕೆ ಹಿಂದಿರುಗಿಸಿತು. ಅದು ನಾಗರಾಜ ಮುಚಲಿಂದನ ಹೆಡೆಯಡಿ ಕುಳಿತ, 12ನೆಯ ಶತಮಾನದ ಬುದ್ಧನ ಮೂರ್ತಿ. ಪಾರ್ಶ್ವನಾಥನ ಬಿಂಬಕ್ಕೆ ನಮಿಸಿದವರಿಗೆ ಆ ಹೆಡೆಯ ನೆರಳು ಅಪರಿಚಿತವೇನಲ್ಲ. ಕಾಠ್ಮಂಡು ಕಣಿವೆಯ ಗುಯಿತ ಬಹೀ ವಿಹಾರದಿಂದ ಅದು ಕಳವಾದುದೆಂದು ಸಂಸ್ಥೆಯೇ ಒಪ್ಪಿಕೊಂಡಿತು. ಅದೂ ಆಲ್ಸ್‌ಡಾರ್ಫ್ ಕೊಡುಗೆಯೇ. ಆದರೆ ಹಿಂದಿರುಗಿಸಿದ ಪ್ರಕಟಣೆಯಲ್ಲಿ ದಾನಿಗಳ ಹೆಸರು ಕಾಣಿಸಲಿಲ್ಲ. ಪಡೆದಾಗ ಗೋಡೆಯ ಮೇಲೆ ಮೆರೆದ ಹೆಸರು ಮರಳಿಸುವಾಗ ಮರೆಯಾಯಿತು.

ದಂಪತಿಗಳು ಕದ್ದವರಲ್ಲ, ಬೆಲೆ ತೆತ್ತು ಕೊಂಡವರು ಎಂದು ಸಮರ್ಥಕರು ವಾದಿಸುತ್ತಾರೆ. ಅವರು ಕದ್ದರೆಂದು ಯಾರೂ ಹೇಳುತ್ತಿಲ್ಲ. ಆದರೆ ಅಚೌರ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಉಮಾಸ್ವಾತಿ ಆಚಾರ್ಯರು ಕಳ್ಳನನ್ನು ಪ್ರೇರೇಪಿಸುವುದರ ಜೊತೆಗೆ ‘ತದಾಹೃತಾದಾನ’ವನ್ನು, ಅಂದರೆ ಕದ್ದು ತಂದುದನ್ನು ಕೊಳ್ಳುವುದನ್ನು, ಮತ್ತು ರಾಜ್ಯಶಾಸನವನ್ನು ಮೀರುವುದನ್ನು ಕೂಡ ಹೇಳಿದ್ದಾರೆ. ಕೊಳ್ಳುವವನಿಲ್ಲದೆ ಕಳ್ಳನಿಲ್ಲ ಎಂಬ ಲೋಕಸತ್ಯವೇ ಅದರ ತಿರುಳು. ಮೂರ್ತಿಗಳು ಅಲ್ಲಿ ಸುರಕ್ಷಿತವಾಗಿವೆಯೆಂಬ ಎರಡನೆಯ ವಾದವೂ ಇಲ್ಲಿಯೇ ಕುಸಿಯುತ್ತದೆ. ಯಾರ ಹಣದ ಆಸೆಯಿಂದ ದೇವರು ಗರ್ಭಗುಡಿಯಿಂದ ಕಿತ್ತುಹೋದನೋ ಅವರೇ ಆತನ ರಕ್ಷಕರೆಂದು ಹೇಳಿಕೊಳ್ಳುವುದು ವಿಡಂಬನೆಯಲ್ಲದೆ ಮತ್ತೇನು?

ಸದ್ಭಾವನೆಯಿಂದ ಕೊಂಡುದಕ್ಕೂ ಹೊಣೆಯುಂಟೆಂಬುದಕ್ಕೆ ಅದೇ ಮನೆತನದಲ್ಲಿ ಸಾಕ್ಷಿಯಿದೆ. 1975ರಲ್ಲಿ ಅವರು ಕೊಂಡ ಪಿಕಾಸೊ ಚಿತ್ರವೊಂದು 1940ರಲ್ಲಿ ನಾಜಿಗಳು ಪ್ಯಾರಿಸ್ಸಿನಲ್ಲಿ ದೋಚಿದುದೆಂದು ಬಯಲಾಯಿತು. ಅದು ಬರ್ಲಿನ್ನಿನ ಯಹೂದಿ ಮಹಿಳೆಯೊಬ್ಬರ ಸ್ವತ್ತಾಗಿತ್ತು. 2005ರಲ್ಲಿ ಮೆರಿಲಿನ್ ಆಕೆಯ ವಾರಸುದಾರರಿಗೆ 65 ಲಕ್ಷ ಡಾಲರ್ ಕೊಡಲೊಪ್ಪಿ ವ್ಯಾಜ್ಯವನ್ನು ಮುಗಿಸಿದರು. ಯೂರೋಪಿನ ಒಂದು ಮನೆಯ ಗೋಡೆಗೆ ಸಂದ ನ್ಯಾಯ ಏಷ್ಯದ ಗುಡಿಗೇಕೆ ಸಲ್ಲಬಾರದು? ಗುಡಿಯ ಒಡೆಯನಿಗೆ ವಾರಸುದಾರರಿಲ್ಲವೆಂದೇ? ದಿನವೂ ಪೂಜಿಸುವವರೆಲ್ಲರೂ ವಾರಸುದಾರರೇ.

ಆಲ್ಸ್‌ಡಾರ್ಫ್ ಸಂಗ್ರಹದ ನಿಜವಾದ ಪರಂಪರೆ ಯಾವುದೆಂದು ನಿರ್ಧಾರವಾಗುವುದು ಇನ್ನು ಮುಂದೆ. ವಸ್ತುವಿನ ಪೂರ್ವವೃತ್ತಾಂತವನ್ನು ಪೂರ್ಣವಾಗಿ ಪ್ರಕಟಿಸಬೇಕು. ಪುರಾವೆಯ ಹೊರೆಯನ್ನು ಕಳೆದುಕೊಂಡವರ ಮೇಲೆ ಹೇರದೆ ಇರಿಸಿಕೊಂಡವರೇ ಹೊರಬೇಕು. ಮರಳಿಸುವಾಗಲೂ ದಾನಿಯ ಹೆಸರನ್ನು ಮುಚ್ಚಿಡದೆ ಬರೆಯಬೇಕು. ಅದು ದಾನಿಗೆ ಅವಮಾನವಲ್ಲ, ಸತ್ಯಕ್ಕೆ ಸಲ್ಲುವ ಗೌರವ. ತನಗೆ ದತ್ತವಾಗದುದನ್ನು ಇನ್ನೊಬ್ಬರಿಗೆ ದಾನಮಾಡುವ ಅಧಿಕಾರ ಯಾರಿಗೂ ಇಲ್ಲ. ಅಂಥ ವಸ್ತುವಿನ ವಿಷಯದಲ್ಲಿ ಉಳಿದಿರುವ ದಾನ ಒಂದೇ, ಅದನ್ನು ಅದರ ನೆಲೆಗೆ ಮುಟ್ಟಿಸುವುದು.