ಹಾವು ಕಡಿತ: ಮೊದಲ ಆಸ್ಪತ್ರೆಯಲ್ಲೇ ಮೊದಲ ಡೋಸ್

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿದು ಸತ್ತವರ ಸಂಖ್ಯೆ ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು ‘ಮಿಲಿಯನ್ ಡೆತ್ ಸ್ಟಡಿ’ ಅಂದಾಜಿಸಿದೆ. ಮನೆಮನೆಗೆ ಹೋಗಿ ಸಾವಿನ ಕಾರಣ ವಿಚಾರಿಸಿ ಕಂಡುಕೊಂಡ ಲೆಕ್ಕವಿದು. ಆಸ್ಪತ್ರೆಯ ಕಡತಗಳಲ್ಲಿ ಸಿಗುವ ಸಂಖ್ಯೆ ಇದರ ಹತ್ತಿರಕ್ಕೂ ಬರುವುದಿಲ್ಲ, ಏಕೆಂದರೆ ಸತ್ತವರಲ್ಲಿ ಬಹುಪಾಲು ಜನ ಆಸ್ಪತ್ರೆ ಮುಟ್ಟಿರಲೇ ಇಲ್ಲ. ಸುಮಾರು ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಗದ್ದೆ ಹೊಲಗಳಲ್ಲಿ ಕೆಲಸ ಬಿರುಸಾಗಿರುವ ದಿನಗಳಲ್ಲಿ ಸಂಭವಿಸಿದೆ.

ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ‘ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ 2020’ರ ಅಡಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಎಂದು ಘೋಷಿಸಿತು. ಖಾಸಗಿ ಆಸ್ಪತ್ರೆಗಳೂ ಈ ಲೆಕ್ಕಕ್ಕೆ ಒಳಪಟ್ಟವು. ಮಾರ್ಚ್‌ನಲ್ಲಿ ಕೇಂದ್ರದ ರಾಷ್ಟ್ರೀಯ ಕ್ರಿಯಾಯೋಜನೆ ಹೊರಬಂತು. 2030ರ ಹೊತ್ತಿಗೆ ಸಾವು ಮತ್ತು ಅಂಗವೈಕಲ್ಯವನ್ನು ಅರ್ಧಕ್ಕೆ ಇಳಿಸುವುದು ಅದರ ಗುರಿ. ಅದೇ ವರ್ಷದ ನವೆಂಬರ್‌ನಲ್ಲಿ ಉಳಿದ ರಾಜ್ಯಗಳೂ ಇಂಥದೇ ಆದೇಶ ಹೊರಡಿಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ ಪತ್ರ ಬರೆಯಿತು. ಲೆಕ್ಕ ಸರಿಯಾದರೆ ಔಷಧ ಎಲ್ಲಿಗೆ ಎಷ್ಟು ಹೋಗಬೇಕೆಂಬುದು ತಿಳಿಯುತ್ತದೆ. ಆದರೆ ಕಡಿತಕ್ಕೊಳಗಾದವರು ಬದುಕುವುದೂ ಸಾಯುವುದೂ ತೀರ್ಮಾನವಾಗುವುದು ಅವರು ಮೊದಲು ತಲುಪುವ ಆಸ್ಪತ್ರೆಯಲ್ಲಿ. ಅದು ಸಾಮಾನ್ಯವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆ. ಅಲ್ಲಿನ ಕರ್ತವ್ಯನಿರತ ವೈದ್ಯರು ಪ್ರತಿವಿಷ ಕೊಡದೆ ‘ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋಗಿ’ ಎಂದು ಚೀಟಿ ಬರೆದುಕೊಟ್ಟರೆ, ಉಳಿಯಬಹುದಾಗಿದ್ದ ಜೀವ ದಾರಿಯಲ್ಲೇ ಹೋಗುವ ಸಂಭವವಿದೆ.

ಬಳಕೆಯಲ್ಲಿರುವ ಪ್ರತಿವಿಷ, ಅಂದರೆ ಆಸ್ಪತ್ರೆಗಳಲ್ಲಿ ಎಲ್ಲರೂ ಎಎಸ್‌ವಿ ಎನ್ನುವ ಔಷಧ, ನಾಲ್ಕು ಹಾವುಗಳ ವಿಷಕ್ಕೆ ತಯಾರಾದದ್ದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ನಾಲ್ಕಕ್ಕೂ ಒಂದೇ ಔಷಧವಾದ್ದರಿಂದ ಕಚ್ಚಿದ್ದು ಯಾವುದೆಂದು ತಿಳಿಯಲು ಹಾವನ್ನು ಹೊಡೆದು ತರುವ ಅಗತ್ಯವೇ ಇಲ್ಲ. ಅದನ್ನು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಂಡ ಪ್ರಸಂಗಗಳಿವೆ. ಹಗ್ಗ ಬಿಗಿದು ಕಟ್ಟುವುದು, ಕೊಯ್ದು ರಕ್ತ ಹರಿಸುವುದು, ಬಾಯಿಂದ ಹೀರುವುದು ಯಾವುದೂ ವಿಷ ತಡೆಯುವುದಿಲ್ಲ. ಕೈಕಾಲು ಅಲುಗದಂತೆ ಪಟ್ಟಿಯಿಟ್ಟು ಬೇಗ ಆಸ್ಪತ್ರೆ ಸೇರಿಸುವುದೇ ಪ್ರಥಮ ಚಿಕಿತ್ಸೆ.

ಆಸ್ಪತ್ರೆಯಲ್ಲಿ ಮೊದಲು ತಿಳಿಯಬೇಕಾದದ್ದು ವಿಷ ಏರಿದೆಯೋ ಇಲ್ಲವೋ ಎಂಬುದು. ವಿಷರಹಿತ ಹಾವು ಕಚ್ಚಿರಬಹುದು, ವಿಷದ ಹಾವೇ ಕಚ್ಚಿದ್ದರೂ ವಿಷ ಬಿಡದಿರಬಹುದು. ಲಕ್ಷಣವಿಲ್ಲದವರಿಗೆ ಎಎಸ್‌ವಿ ಬೇಡ, 24 ಗಂಟೆಯ ನಿಗಾ ಸಾಕು. ಮಂಡಲದ ಹಾವುಗಳ ವಿಷ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನೇ ಕೆಡಿಸುತ್ತದೆ. ಇದನ್ನು ಪತ್ತೆ ಹಚ್ಚಲು ಯಂತ್ರವಾಗಲಿ ಪ್ರಯೋಗಾಲಯವಾಗಲಿ ಬೇಡ, ಒಂದು ಗಾಜಿನ ನಳಿಕೆ ಸಾಕು. ಹೊಸ, ಶುಭ್ರ, ಒಣ ನಳಿಕೆಗೆ 2 ಮಿ.ಲೀ. ರಕ್ತ ಹಾಕಿ ಅಲುಗಿಸದೆ 20 ನಿಮಿಷ ನಿಲ್ಲಿಸಬೇಕು, ಬಳಿಕ ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ಕೂಡಲೇ ಎಎಸ್‌ವಿ. ಇಷ್ಟು ಸರಳ ಪರೀಕ್ಷೆಯೂ ಎಡವುವುದು ನಳಿಕೆಯಿಂದಾಗಿ. ಸೋಪಿನ ಪುಡಿಯಲ್ಲಿ ತೊಳೆದ ಗಾಜಿನಲ್ಲಿ, ಇಲ್ಲವೇ ಪ್ಲಾಸ್ಟಿಕ್ ನಳಿಕೆಯಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿದೀತು. ಸಂಶಯವಿದ್ದರೆ ಜೊತೆಗೆ ಬಂದ ಸಂಬಂಧಿಕರೊಬ್ಬರ ರಕ್ತವನ್ನು ಅಂಥದೇ ಇನ್ನೊಂದು ನಳಿಕೆಯಲ್ಲಿಟ್ಟು ಹೋಲಿಸಬಹುದು. ಮೊದಲ ಸಲ ಹೆಪ್ಪುಗಟ್ಟಿತೆಂದು ಸುಮ್ಮನಾಗುವಂತಿಲ್ಲ. ವಿಷ ನಿಧಾನವಾಗಿ ಏರುತ್ತಿರಬಹುದಾದ್ದರಿಂದ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಕು.

ಕಟ್ಟುಹಾವಿನ ಕಥೆ ಬೇರೆ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಅದು ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಹಲ್ಲಿನ ಗುರುತೂ ಎಷ್ಟೋ ಸಲ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ ಎಂದು ಏಳುವವರಿಗೆ ಅಸಿಡಿಟಿಯ ಮಾತ್ರೆ ಕೊಟ್ಟು ಕಳಿಸುವ ಅಪಾಯ ಇರುವುದು ಇಲ್ಲೇ. ಮಳೆಗಾಲದಲ್ಲಿ ನೆಲದ ಮೇಲೆ ಮಲಗಿದ್ದ ವ್ಯಕ್ತಿ ಹೊಟ್ಟೆನೋವೆಂದು ಬಂದರೆ ರೆಪ್ಪೆ ನೋಡಬೇಕು. ರೆಪ್ಪೆ ಜೋತುಬಿದ್ದಿದ್ದರೆ, ಮಾತು ತೊದಲುತ್ತಿದ್ದರೆ, ಉಗುಳು ನುಂಗಲು ಕಷ್ಟವಾಗುತ್ತಿದ್ದರೆ ಬೇರೆ ಪುರಾವೆಗೆ ಕಾಯಬೇಕಿಲ್ಲ. ವಿಷ ಇನ್ನೂ ಏರಿದಾಗ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಕಣ್ಣಿನ ಪಾಪೆ ಹಿಗ್ಗಿ ಬೆಳಕಿಗೆ ಸ್ಪಂದಿಸದೆ ನಿಲ್ಲುತ್ತದೆ, ಒಂದು ಬೆರಳೂ ಅಲುಗುವುದಿಲ್ಲ, ನೋಡಿದವರು ಮಿದುಳು ಸತ್ತಿದೆ ಎಂದೇ ಭಾವಿಸುತ್ತಾರೆ. ಆದರೆ ರೋಗಿಗೆ ಪ್ರಜ್ಞೆ ಇರಬಹುದು, ಸುತ್ತ ಆಡುವ ಮಾತೂ ಕೇಳಿಸುತ್ತಿರಬಹುದು. ಇಂಥವರಿಗೆ ಕೃತಕ ಉಸಿರಾಟ ಮುಂದುವರಿಸಿದರೆ ಪೂರ್ತಿ ಗುಣವಾಗಿ ಮನೆಗೆ ನಡೆದುಹೋಗುತ್ತಾರೆ. ವೆಂಟಿಲೇಟರ್ ಇರುವ ಆಸ್ಪತ್ರೆ ಸಿಗುವವರೆಗೆ ಆಂಬು ಬ್ಯಾಗ್ ಒತ್ತುತ್ತಲೇ ಇರಬೇಕು. ಸಿಬ್ಬಂದಿಯೂ ಮನೆಯವರೂ ಸರದಿಯಲ್ಲಿ ಗಂಟೆಗಟ್ಟಲೆ ಒತ್ತಿ ಜೀವ ಉಳಿಸಿದ ಉದಾಹರಣೆಗಳು ನಮ್ಮ ದೇಶದ ಆಸ್ಪತ್ರೆಗಳಲ್ಲಿ ಸಾಕಷ್ಟಿವೆ.

ನಾಗರಹಾವಿನ ವಿಷವೂ ನರಕ್ಕೇ ಬಡಿಯುತ್ತದೆ, ಆದರೆ ಅದು ಕೂರುವುದು ಸ್ನಾಯುವಿನ ಕಡೆಯ ಗ್ರಾಹಿಗಳ ಮೇಲೆ. ಹಾಗಾಗಿ ಅಟ್ರೋಪಿನ್ ಜೊತೆ ನಿಯೋಸ್ಟಿಗ್ಮಿನ್ ಕೊಟ್ಟರೆ ರೆಪ್ಪೆ ಬೇಗ ಮೇಲೇಳುವುದುಂಟು. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಗೆಡವುತ್ತದೆ. ಒಮ್ಮೆ ಹಾಗಾದ ಮೇಲೆ ಎಎಸ್‌ವಿಯೂ ಅದನ್ನು ಸರಿಪಡಿಸದು, ನರತುದಿ ತಾನಾಗಿ ಚೇತರಿಸುವವರೆಗೆ ಕಾಯಬೇಕು. ಔಷಧ ಬೇಗ ಸಿಗಬೇಕೆನ್ನುವ ಮಾತಿಗೆ ಇದಕ್ಕಿಂತ ಬಲವಾದ ಕಾರಣ ಬೇಡ.

ಹಾಗಿದ್ದೂ ಮೊದಲ ಆಸ್ಪತ್ರೆಯಲ್ಲಿ ಎಎಸ್‌ವಿ ಕೊಡಲು ಹಿಂಜರಿಕೆ ಏಕೆ? ಕುದುರೆಯ ರಕ್ತದಿಂದ ತಯಾರಾದ ಔಷಧವಾದ್ದರಿಂದ ಅಲರ್ಜಿಯ ಭಯವಿದೆ. ಮೈತುರಿಕೆ, ನಡುಕ, ವಾಂತಿಯಿಂದ ಹಿಡಿದು ರಕ್ತದೊತ್ತಡ ಕುಸಿದು ಉಸಿರು ಕಟ್ಟುವವರೆಗೆ ಪ್ರತಿಕ್ರಿಯೆ ಹೋಗಬಹುದು. ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ಯುವ ವೈದ್ಯರ ಮುಂದೆ ಹತ್ತು ಹದಿನೈದು ಮಂದಿ ಸಂಬಂಧಿಕರು ನಿಂತಿರುವಾಗ ಆ ಭಯ ಸಹಜ, ಅದನ್ನು ಹೇಡಿತನ ಎನ್ನುವುದು ಅನ್ಯಾಯ. ಆದರೆ ಈ ಪ್ರತಿಕ್ರಿಯೆಗೆ ಮದ್ದು ಪ್ರತಿ ಆರೋಗ್ಯ ಕೇಂದ್ರದಲ್ಲೂ ಇರಬೇಕಾದ ಅಡ್ರಿನಲಿನ್. ಡ್ರಿಪ್ ನಿಲ್ಲಿಸಿ, ವಯಸ್ಕರಿಗೆ 0.5 ಮಿ.ಗ್ರಾಂ. ಅಡ್ರಿನಲಿನ್ ಅನ್ನು ತೊಡೆಯ ಸ್ನಾಯುವಿಗೆ ಕೊಟ್ಟು, ಸುಧಾರಿಸಿದ ಮೇಲೆ ಎಎಸ್‌ವಿಯನ್ನು ನಿಧಾನವಾಗಿ ಮತ್ತೆ ಶುರುಮಾಡಬಹುದು. ಚರ್ಮಕ್ಕೆ ಚುಚ್ಚಿ ನೋಡುವ ಟೆಸ್ಟ್ ಡೋಸ್‌ನಿಂದ ಅಲರ್ಜಿ ಮುಂಚಿತವಾಗಿ ತಿಳಿಯುವುದಿಲ್ಲ, ಸಮಯ ಮಾತ್ರ ಹಾಳು. ಶ್ರೀಲಂಕಾದಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮುಂಚಿತವಾಗಿ ಚರ್ಮದಡಿ ಕೊಟ್ಟ ಅಲ್ಪ ಪ್ರಮಾಣದ ಅಡ್ರಿನಲಿನ್ ತೀವ್ರ ಪ್ರತಿಕ್ರಿಯೆಯನ್ನು ತಗ್ಗಿಸಿತು. ನಮ್ಮಲ್ಲಿ ರೂಢಿಯಿಂದ ಕೊಡುತ್ತ ಬಂದಿರುವ ಹೈಡ್ರೊಕಾರ್ಟಿಸೋನ್, ಪ್ರೊಮೆಥಜಿನ್‌ಗಳಿಂದ ಅಂಥ ಲಾಭ ಕಾಣಲಿಲ್ಲ.

ಇನ್ನೊಂದು ತಪ್ಪು, ಎರಡು ವಯಲ್ ಕೊಟ್ಟು ರೆಫರ್ ಮಾಡುವುದು. ಕೊಳಕುಮಂಡಲ ಒಂದು ಕಡಿತಕ್ಕೆ ಸರಾಸರಿ 63 ಮಿ.ಗ್ರಾಂ. ವಿಷ ಬಿಡುತ್ತದೆ, 10 ಮಿ.ಲೀ.ನ ಒಂದು ವಯಲ್ ತಡೆಯುವುದು ಅದರಲ್ಲಿ 6 ಮಿ.ಗ್ರಾಂ. ಮಾತ್ರ. ಆರಂಭದ ಡೋಸ್ 10 ವಯಲ್ ಎಂದು ನಿಗದಿಯಾದದ್ದು ಈ ಲೆಕ್ಕದ ಮೇಲೆ. ಮಗುವಿಗೂ ಅಷ್ಟೇ, ದೊಡ್ಡವರಿಗೂ ಅಷ್ಟೇ, ಏಕೆಂದರೆ ಹಾವು ತೂಕ ನೋಡಿ ವಿಷ ಬಿಡುವುದಿಲ್ಲ. ಗರ್ಭಿಣಿಯರಿಗೂ ಇದೇ ಪ್ರಮಾಣ. ಅದಾದ ಆರು ಗಂಟೆಯ ಮೇಲೆ ನಳಿಕೆ ಪರೀಕ್ಷೆ ಪುನಃ ಮಾಡಬೇಕು. ಖಾಲಿಯಾದ ಹೆಪ್ಪುಗಟ್ಟುವ ಅಂಶಗಳನ್ನು ಯಕೃತ್ತು ಮತ್ತೆ ತುಂಬಿಸಲು ಅಷ್ಟು ಹೊತ್ತು ಬೇಕು. ಇಷ್ಟನ್ನು ಮಾಡಲು ಬೇಕಾದದ್ದು ಹತ್ತು ವಯಲ್, ಸಲೈನ್, ಅಡ್ರಿನಲಿನ್, ಆಂಬು ಬ್ಯಾಗ್ ಮತ್ತು ತರಬೇತಿ. ಡಯಾಲಿಸಿಸ್, ವೆಂಟಿಲೇಟರ್ ಬೇಕಾದವರನ್ನು ಮುಂದಕ್ಕೆ ಕಳಿಸಲೇಬೇಕು, ಆದರೆ ಮೊದಲ ಡೋಸ್ ಹರಿದ ಮೇಲೆ ಕಳಿಸಬೇಕು.

ಔಷಧದ ಮಿತಿಯೂ ವೈದ್ಯರಿಗೆ ಗೊತ್ತಿರಬೇಕು. ದೇಶದ ಎಎಸ್‌ವಿ ತಯಾರಿಕೆಗೆ ಬೇಕಾದ ವಿಷ ಬಹುಮಟ್ಟಿಗೆ ಬರುವುದು ಚೆನ್ನೈ ಸಮೀಪದ ಇರುಳರ ಸಹಕಾರ ಸಂಘದಿಂದ. 1978ರಲ್ಲಿ ಹುಟ್ಟಿದ ಆ ಸಂಘದವರು ಹಿಡಿಯುವುದು ಆ ಸುತ್ತಿನ ಹಾವುಗಳನ್ನು. ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬದಲಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ತಂಡ ತೋರಿಸಿದೆ. ಬೇರೆ ಪ್ರದೇಶಗಳ ಹಾವುಗಳ ಮೇಲೆ ಈ ಔಷಧ ಕೆಲವೊಮ್ಮೆ ದುರ್ಬಲವಾಗುವುದಕ್ಕೆ ಇದೊಂದು ಕಾರಣ. ನಾಗರಹಾವು, ಕಟ್ಟುಹಾವುಗಳಲ್ಲಿರುವ ಒಂದು ಬಗೆಯ ನರವಿಷವನ್ನು ತಡೆಯುವ ಪ್ರತಿಕಾಯವನ್ನು ಪ್ರಯೋಗಾಲಯದಲ್ಲೇ ರೂಪಿಸಿದ ಕೆಲಸದಲ್ಲೂ ಆ ತಂಡ ಪಾಲ್ಗೊಂಡಿದ್ದು, ಅದರ ಫಲಿತಾಂಶ 2024ರಲ್ಲಿ ಪ್ರಕಟವಾಗಿದೆ. ರೋಗಿಗಳಿಗೆ ಅದು ತಲುಪಲು ಇನ್ನೂ ಸಮಯ ಬೇಕು. ಮಲೆನಾಡಿನ ವೈದ್ಯರಿಗೆ ಮತ್ತೊಂದು ತೊಡಕಿದೆ. ತೋಟ, ಕಾಡಂಚಿನಲ್ಲಿ ಸಿಗುವ ಉಬ್ಬುಮೂಗಿನ ಗುಳಿಮಂಡಲ ಕಚ್ಚಿದಾಗ ರಕ್ತ ಹೆಪ್ಪುಗಟ್ಟದಿರಬಹುದು, ಮೂತ್ರಪಿಂಡ ಕೆಡಬಹುದು, ಆದರೆ ಈಗಿನ ಎಎಸ್‌ವಿ ಅದಕ್ಕೆ ನಾಟುವುದಿಲ್ಲ. ಹತ್ತಾರು ವಯಲ್ ಸುರಿದರೂ ಹೆಪ್ಪುಗಟ್ಟದ ರೋಗಿಯಲ್ಲಿ ಈ ಹಾವಿನ ನೆನಪಾಗಬೇಕು. ಕಡಿದ ಹಾವಿನ ಫೋಟೊ ದೂರದಿಂದ ತೆಗೆದದ್ದು ಇದ್ದರೆ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಜೀವ ಉಳಿದ ಮಾತ್ರಕ್ಕೆ ಚಿಕಿತ್ಸೆ ಮುಗಿಯುವುದಿಲ್ಲ. ಎಎಸ್‌ವಿ ಪಡೆದವರಿಗೆ ಒಂದೆರಡು ವಾರದ ಬಳಿಕ ಜ್ವರ, ಕೀಲುನೋವು, ದದ್ದು ಬರಬಹುದು. ಕೊಳಕುಮಂಡಲ ಕಚ್ಚಿದ ಕೆಲವರಲ್ಲಿ ಮೂತ್ರಪಿಂಡದ ತೊಂದರೆ ಶಾಶ್ವತವಾಗಿ ಉಳಿಯುತ್ತದೆ, ಇನ್ನು ಕೆಲವರಲ್ಲಿ ಪಿಟ್ಯುಟರಿ ಗ್ರಂಥಿ ಕುಂದಿ ತಿಂಗಳು, ವರ್ಷಗಳ ನಂತರ ನಿಶ್ಶಕ್ತಿ, ಮುಟ್ಟು ನಿಲ್ಲುವಿಕೆಯಂಥ ಲಕ್ಷಣ ಕಾಣಿಸುತ್ತವೆ. ಅದಕ್ಕೂ ಹಳೆಯ ಕಡಿತಕ್ಕೂ ನಂಟಿದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಕೊಳೆತ ಬೆರಳು ಕಳೆದುಕೊಂಡ ಕೂಲಿಕಾರರಿಗೆ ಮುಂದಿನ ಹಂಗಾಮಿನ ಕೆಲಸವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಒಂದು ಸಾವಿಗೆ ಸುಮಾರು ಮೂವರು ಶಾಶ್ವತ ವೈಕಲ್ಯ ಹೊತ್ತು ಬದುಕುತ್ತಾರೆ. ಬಿಡುಗಡೆಯ ಚೀಟಿಯಲ್ಲಿ ಕ್ರಿಯಾಟಿನಿನ್ ಮತ್ತು ರಕ್ತದೊತ್ತಡ ಪರೀಕ್ಷೆಗೆ ಮತ್ತೆ ಬರಬೇಕಾದ ದಿನಾಂಕವನ್ನು ಬರೆಯುವುದು, ವರದಿಯ ನಮೂನೆಯಲ್ಲಿ ಸಾವಿನ ಜೊತೆಗೆ ವೈಕಲ್ಯವನ್ನೂ ದಾಖಲಿಸುವುದು, ಬಾರದವರನ್ನು ಆಶಾ ಕಾರ್ಯಕರ್ತೆಯರ ಮೂಲಕ ಹುಡುಕಿಸುವುದು, ಇಷ್ಟೂ ಈಗಿರುವ ವ್ಯವಸ್ಥೆಯೊಳಗೇ ಆಗುವಂಥ ಕೆಲಸ.