ಕಾಣದೆ ಹಾಕಿದ ಸಹಿ



ಕಟ್ಟಡದ ಯಂತ್ರವೊಂದು ಕೆಟ್ಟರೆ ಅದನ್ನು ನಡೆಸುವ ಬಡಪಾಯಿಯನ್ನೇ ದೂಷಿಸುವ ಚಾಳಿ ನಮ್ಮಲ್ಲಿ ಬೇರೂರಿದೆ. ಇದನ್ನು ನಾನು ಒಪ್ಪಲಾರೆ. ಮೊದಲು ಪ್ರಶ್ನಿಸಬೇಕಾದದ್ದು ಮೇಲ್ವಿಚಾರಕನನ್ನು.

ಹಳೆಯ ಬಾಗಲಕೋಟೆಯ ಮನೆಗಳಲ್ಲಿ ಬಾವಿಯ ಗಡಗಡಿ ಕಿರುಗುಟ್ಟಿದರೆ ಮನೆಮಂದಿಗೆಲ್ಲ ಕೇಳಿಸುತ್ತಿತ್ತು. ಯಾರಾದರೊಬ್ಬರು ಎಣ್ಣೆ ಬಿಡುತ್ತಿದ್ದರು. ಆಲಮಟ್ಟಿಯ ಹಿನ್ನೀರಿನಿಂದ ಮುಳುಗಡೆಯಾದ ಕುಟುಂಬಗಳು ನವನಗರಕ್ಕೆ ಬಂದವು. 1997ರಲ್ಲಿ ಊರು ಜಿಲ್ಲಾ ಕೇಂದ್ರವೂ ಆಯಿತು. ಅಂತಸ್ತಿನ ಕಟ್ಟಡಗಳು ಎದ್ದವು. ಬಾದಾಮಿ, ಹುನಗುಂದ, ಇಳಕಲ್ಲಗಳಲ್ಲಿಯೂ ಈಗ ನೆಲದಡಿಯ ತೊಟ್ಟಿ, ಪಂಪು, ಮೇಲಿನ ಟಾಕಿ ಸಾಮಾನ್ಯ. ಆದರೆ ಪಂಪಿನ ಕೋಣೆಗೆ ಬೀಗ. ಅದರ ನರಳಾಟ ಯಾರಿಗೂ ಕೇಳಿಸದು.

ಕೆಲವು ವರ್ಷಗಳ ಹಿಂದೆ ನವನಗರದ ಒಂದು ವಸತಿ ಕಟ್ಟಡದಲ್ಲಿ ಮೋಟರು ಸುಟ್ಟು, ಎರಡು ದಿನ ನೀರಿರಲಿಲ್ಲ. ವಯಸ್ಸಾದವರು ಕೊಡ ಹೊತ್ತು ಮೂರನೆಯ ಅಂತಸ್ತಿಗೆ ಏರಿದರು. ಪಂಪಿನ ಹುಡುಗನನ್ನು ಕೆಲಸದಿಂದ ತೆಗೆಯಿರೆಂದು ಎಲ್ಲರೂ ಕೂಗಾಡಿದರು. ನಾನು ದಾಖಲೆ ಪುಸ್ತಕ ತರಿಸಿ ನೋಡಿದೆ. ಆಂಪಿಯರ್ ಕಾಲಮಿನಲ್ಲಿ ತಿಂಗಳು ಪೂರ್ತಿ 12. ದಿನವಿಡೀ ಕರೆಂಟು ಇಲ್ಲದಿದ್ದ ದಿನವೂ 12! ಲೆಕ್ಕದ ನಕಲನ್ನು ಜೀವನವಿಡೀ ಹಿಡಿದ ಕಣ್ಣಿಗೆ ಇದು ಮರೆಯಾದೀತೆ? ಪ್ರತಿ ಪುಟದ ಕೆಳಗೆ ಮೇಲ್ವಿಚಾರಕನ ಸಹಿ ಮಾತ್ರ ಸ್ಪಷ್ಟವಾಗಿತ್ತು.

“ಯಾಕಪಾ, ಹಿಂಗ್ಯಾಕ ಬರದಿ?” ಎಂದೆ.

“ಖರೇ ಬರದ್ರ ಬೈತಾರ್ರೀ ಸರ. ಒಮ್ಮೆ 16 ಅಂತ ಬರದಿದ್ದೆ. ನೀ ಏನ್ ಎಂಜಿನಿಯರ್ ಏನಲೇ ಅಂದ್ರು.”

ಆ 16 ಎಂಬುದೇ ಮೋಟರಿಗೆ ಬಂದ ಜ್ವರವಾಗಿತ್ತು. ಕೋಣೆಯಲ್ಲಿ ನೀರು ತೊಟ್ಟಿಕ್ಕುತ್ತದೆಂದು ನಿವಾಸಿಗಳು ದೂರಿದ್ದರು. ಮೇಲ್ವಿಚಾರಕ ಬಂದು ನೋಡದೆ, ಗ್ಲ್ಯಾಂಡನ್ನು ಬಿಗಿಮಾಡೆಂದು ಫೋನಿನಲ್ಲಿಯೇ ಆಜ್ಞಾಪಿಸಿದ್ದ. ಅಂಥ ಪಂಪಿನ ಗ್ಲ್ಯಾಂಡಿನಿಂದ ನೀರು ಹನಿಹನಿಯಾಗಿ ಜಿನುಗಲೇಬೇಕು. ಶಾಫ್ಟನ್ನು ತಂಪಾಗಿಡುವುದು ಆ ಹನಿಯೇ. ಪೂರ್ತಿ ಬಿಗಿದರೆ ಪ್ಯಾಕಿಂಗ್ ಒಣಗಿ ಶಾಫ್ಟನ್ನು ಉಜ್ಜುತ್ತದೆ, ಮೋಟರಿನ ಹೊರೆ ಹೆಚ್ಚುತ್ತದೆ. ಒಮ್ಮೆ ಮೆಟ್ಟಿಲಿಳಿದು ನೋಡಿದ್ದರೆ ಸಾಕಿತ್ತು.

“ಒಬ್ಬನಿಗೆ ಹತ್ತಾರು ಕಟ್ಟಡ, ಸಂಬಳ ಅಲ್ಪ” ಎಂಬ ಸಮರ್ಥನೆ ನನಗೆ ಗೊತ್ತು. ಅದು ಸುಳ್ಳಲ್ಲ. ನಿರ್ವಹಣೆಯ ಹಣಕ್ಕೆ ರೂಪಾಯಿ ರೂಪಾಯಿಗೂ ಜಗಳವಾಡುವ ನಿವಾಸಿಗಳೂ ಇದರಲ್ಲಿ ಪಾಲುದಾರರೇ. ಆದರೂ, ನೋಡಲಾಗದಿದ್ದರೆ “ನೋಡಿಲ್ಲ” ಎಂದು ಬರೆಯಲು ಸಂಬಳ ಹೆಚ್ಚಬೇಕೆ? ಲಿಫ್ಟುಗಳಿಗಾಗಿ ನಮ್ಮ ರಾಜ್ಯದಲ್ಲಿ 2012ರ ಕಾಯಿದೆಯೇ ಇದೆ; ಪರವಾನಗಿ, ತಪಾಸಣೆ ಎಲ್ಲವೂ ಇವೆ. ಪಂಪಿನ ಸುಳ್ಳು ಸಹಿ ನೀರನ್ನು ನಿಲ್ಲಿಸೀತು. ಲಿಫ್ಟಿನ ಸುಳ್ಳು ಸಹಿ ಪ್ರಾಣವನ್ನೇ ತೆಗೆದೀತು.

ನಿಮ್ಮಲ್ಲಿ ಕೆಲವರು ಇಂದು ಇಂಥದೇ ಹುದ್ದೆಗಳಲ್ಲಿದ್ದೀರಿ. ಕೆಳಗಿನವನು 16 ಎಂದು ಬರೆದರೆ ಗದರಬೇಡಿ. ಅವನೊಂದಿಗೆ ಇಳಿದು ಹೋಗಿ ನೋಡಿ. ಶಿಕ್ಷೆ ಸುಳ್ಳು ಸಹಿಗಿರಲಿ, ದೋಷವನ್ನು ತಿಳಿಸಿದವನಿಗೆ ಬೇಡ.

ಇದನ್ನು ಹೇಳುವ ನಾನೂ ನಿರ್ದೋಷಿಯಲ್ಲ. “ಲೆಕ್ಕ ಬರಲಿಲ್ಲ ಸರ” ಎಂದು ಖಾಲಿ ಪುಟ ತೋರಿಸಿದವರಿಗೆ ಛಡಿಯೇಟು ಕೊಟ್ಟಿದ್ದೇನೆ; ಅಂದವಾಗಿ ನಕಲು ಮಾಡಿದ ಎಷ್ಟೋ ಪುಟಗಳಿಗೆ ಅವಸರದಲ್ಲಿ ಸಹಿ ಹಾಕಿದ್ದೇನೆ. ಆ ಖಾಲಿ ಪುಟದವರು ಇದನ್ನು ಓದುತ್ತಿದ್ದರೆ, ನನ್ನನ್ನು ಕ್ಷಮಿಸಿ.