ಅಂಟಿಸಿದ ರ‍್ಯಾಮ್: ಲ್ಯಾಪ್‌ಟಾಪ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ

ನೀವು ಈ ಅಂಕಣ ಓದ್ತಾ ಇರೋ ಫೋನಿನಲ್ಲಿ 6 ಅಥವಾ 8 ಜಿಬಿ ರ‍್ಯಾಮ್ ಇರಬಹುದು. ಅದನ್ನು ಬಿಚ್ಚಿಸಿ 12 ಮಾಡಿಸೋಣ ಅಂತ ಯಾವತ್ತಾದರೂ ಅಂದುಕೊಂಡಿದ್ದೀರಾ? ಇಲ್ಲ ತಾನೆ. ಫೋನಿನ ರ‍್ಯಾಮ್ ಒಳಗಿನ ಬೋರ್ಡಿಗೇ ಅಂಟಿಕೊಂಡಿರುತ್ತೆ. ಮೂರ್ನಾಲ್ಕು ವರ್ಷಕ್ಕೆ ಫೋನೇ ಬದಲಾಗೋದರಿಂದ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಈಗ ಅದೇ ಪದ್ಧತಿ ಲ್ಯಾಪ್‌ಟಾಪಿಗೂ ಬಂದಿದೆ. ಆದರೆ ಲ್ಯಾಪ್‌ಟಾಪನ್ನು ನಾವು ಫೋನಿನ ಹಾಗೆ ಬದಲಾಯಿಸಲ್ಲ. ತೊಡಕು ಇರೋದು ಅಲ್ಲೇ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡೋಣ. ಅಂಗಡಿಯವರು ‘ಮೆಮೊರಿ’ ಅಂದಾಗ ಎರಡರಲ್ಲಿ ಯಾವುದಾದರೂ ಆಗಿರಬಹುದು. 512 ಜಿಬಿ ಅನ್ನೋದು ಎಸ್‌ಎಸ್‌ಡಿ, ನಮ್ಮ ಫೋಟೊ, ಫೈಲುಗಳನ್ನು ಇಡುವ ಬೀರು. 8 ಅಥವಾ 16 ಜಿಬಿ ಅನ್ನೋದು ರ‍್ಯಾಮ್, ಕೆಲಸ ಮಾಡುವಾಗ ಎಲ್ಲವನ್ನೂ ಹರಡಿಕೊಳ್ಳುವ ಮೇಜು. ಮೇಜು ಚಿಕ್ಕದಾದರೆ ಕಂಪ್ಯೂಟರ್ ಪದೇ ಪದೇ ಬೀರುವಿನ ಹತ್ತಿರ ಓಡಾಡಬೇಕು. ಆಗಲೇ ಅದು ‘ಸ್ಲೋ’ ಆಗೋದು. ಇವತ್ತಿನ ಮಾತು ಈ ಮೇಜಿನ ಬಗ್ಗೆ.

ಹಿಂದಿನ ಬಹುತೇಕ ಲ್ಯಾಪ್‌ಟಾಪ್‌ಗಳ ಮದರ್‌ಬೋರ್ಡಿನಲ್ಲಿ ರ‍್ಯಾಮ್ ಕೂರಿಸಲು ಸ್ಲಾಟ್ ಇರುತ್ತಿತ್ತು. ಎಸ್‌ಪಿ ರೋಡಿಗೆ ಹೋಗಿ ಒಂದು ರ‍್ಯಾಮ್ ಸ್ಟಿಕ್ ತಂದು, ಹಿಂದಿನ ಮುಚ್ಚಳ ಬಿಚ್ಚಿ ಕೂರಿಸಿದರೆ ಹಳೇ ಲ್ಯಾಪ್‌ಟಾಪ್ ಇನ್ನೆರಡು ವರ್ಷ ಓಡೋದು. ಈಗಿನ ಹಲವು ತೆಳು ಮಾಡೆಲ್‌ಗಳಲ್ಲಿ ಸ್ಲಾಟೇ ಇಲ್ಲ, ರ‍್ಯಾಮ್ ಚಿಪ್‌ಗಳನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಆ್ಯಪಲ್ 2008ರ ಮೊದಲ ಮ್ಯಾಕ್‌ಬುಕ್ ಏರ್‌ನಲ್ಲೇ ಹೀಗೆ ಮಾಡಿತ್ತು. 2020ರಲ್ಲಿ ಎಂ1 ಚಿಪ್ ಬಂದಾಗ ರ‍್ಯಾಮ್ ಇನ್ನೂ ಹತ್ತಿರಕ್ಕೆ ಸರಿದು ಪ್ರೊಸೆಸರ್ ಇರುವ ಪ್ಯಾಕೇಜಿಗೇ ಸೇರಿತು. 2024ರಲ್ಲಿ ಇಂಟೆಲ್ ಕೂಡ ಲೂನಾರ್ ಲೇಕ್ ಪ್ರೊಸೆಸರ್‌ಗಳಲ್ಲಿ ಇದನ್ನೇ ಮಾಡಿತು: 16 ಅಥವಾ 32 ಜಿಬಿ, ಎರಡೇ ಆಯ್ಕೆ.

ಲಾಭ ಏನು?

‘ಇದೆಲ್ಲ ಹೊಸ ಲ್ಯಾಪ್‌ಟಾಪ್ ಮಾರಲು ಕಂಪನಿಗಳು ಹೂಡಿದ ಆಟ’ ಅನ್ನೋರಿದ್ದಾರೆ. ಪೂರ್ತಿ ಹಾಗಲ್ಲ. ಬೆಸುಗೆ ಹಾಕುವ ರ‍್ಯಾಮ್ ಸಾಮಾನ್ಯವಾಗಿ ಎಲ್‌ಪಿಡಿಡಿಆರ್ ಜಾತಿಯದು, ಕಡಿಮೆ ವಿದ್ಯುತ್ ಬಳಸುತ್ತೆ. ಪ್ರೊಸೆಸರ್ ಪಕ್ಕದಲ್ಲೇ ಇರೋದರಿಂದ ಸಿಗ್ನಲ್ ಸಾಗುವ ದಾರಿ ಚಿಕ್ಕದು, ವೇಗ ಜಾಸ್ತಿ. ಬ್ಯಾಟರಿ ಹೆಚ್ಚು ಹೊತ್ತು ಬರುತ್ತೆ, ಲ್ಯಾಪ್‌ಟಾಪ್ ತೆಳುವಾಗುತ್ತೆ. ಸುಲಭವಾಗಿ ರಿಪೇರಿ ಆಗುವ ಲ್ಯಾಪ್‌ಟಾಪ್‌ಗಳಿಗೇ ಹೆಸರಾದ ಅಮೆರಿಕದ ಫ್ರೇಮ್‌ವರ್ಕ್ ಕಂಪನಿ 2025ರಲ್ಲಿ ತನ್ನ ಮೊದಲ ಡೆಸ್ಕ್‌ಟಾಪ್ ತಂದಾಗ ಅದರಲ್ಲೂ ರ‍್ಯಾಮ್ ಬೆಸುಗೆ ಹಾಕಿತ್ತು. ಎಎಂಡಿಯ ಆ ಪ್ರೊಸೆಸರ್‌ಗೆ ಬೇಕಾದ ವೇಗವನ್ನು ಸ್ಲಾಟ್ ಮೂಲಕ ಕೊಡಲು ಆಗಲಿಲ್ಲ ಅನ್ನೋದು ಅವರ ವಿವರಣೆ.

ಇನ್ನೊಂದು ಲಾಭ ನಮ್ಮ ಕಡೆಯವರಿಗೆ ಬೇಗ ಅರ್ಥವಾಗುತ್ತೆ. ಕಂಪ್ಯೂಟರ್ ಆನ್ ಆಗದಿದ್ದಾಗ ರ‍್ಯಾಮ್ ಸ್ಟಿಕ್ ತೆಗೆದು, ಅದರ ಕಾಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ ನೆನಪು ನಿಮಗೂ ಇರಬಹುದು. ಧೂಳಿಗೆ, ಅಲುಗಾಟಕ್ಕೆ ಸ್ಲಾಟಿನ ಹಿಡಿತ ಸಡಿಲವಾಗುತ್ತಿತ್ತು. ಲ್ಯಾಪ್‌ಟಾಪನ್ನು ಬೆನ್ನಿಗೆ ಹಾಕಿಕೊಂಡು ಬೈಕಿನಲ್ಲಿ ತುಮಕೂರು ರಸ್ತೆಯ ಲಾರಿಗಳ ಮಧ್ಯೆ ದಿನಾ ಓಡಾಡುವವರಿಗೆ, ಬೆಸುಗೆ ಹಾಕಿದ ರ‍್ಯಾಮ್‌ನಲ್ಲಿ ಈ ಕಾಟ ಇಲ್ಲ.

ನಷ್ಟ ಯಾರಿಗೆ?

ಮಾಕಳಿಯಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಪೀಣ್ಯದಲ್ಲಿ ಶಿಫ್ಟ್ ಕೆಲಸ ಮಾಡ್ತಾನೆ. ತಂಗಿ ಬಿಇ ಸೇರಿದಾಗ ಇಎಂಐನಲ್ಲಿ 8 ಜಿಬಿಯ ತೆಳು ಲ್ಯಾಪ್‌ಟಾಪ್ ಕೊಡಿಸಿದ್ದ. ‘ಆಮೇಲೆ ಬೇಕಾದ್ರೆ ರ‍್ಯಾಮ್ ಹಾಕಿಸ್ಕೋಬಹುದು’ ಅಂದಿದ್ದರಂತೆ ಅಂಗಡಿಯವರು. ಐದನೇ ಸೆಮಿಸ್ಟರ್‌ನಲ್ಲಿ ಆ್ಯಂಡ್ರಾಯ್ಡ್ ಸ್ಟುಡಿಯೊ ಬಂತು. ಎಮ್ಯುಲೇಟರ್ ಜೊತೆ ಓಡಿಸಲು ಗೂಗಲ್ ಕೇಳೋದೇ ಕನಿಷ್ಠ 16 ಜಿಬಿ. ‘ಅಣ್ಣಾ, ಇದಕ್ಕೆ ಇನ್ನೊಂದು 8 ಹಾಕಿಸ್ಬೇಕು, ಎಷ್ಟಾಗುತ್ತೆ?’ ಅಂತ ನನ್ನ ಹತ್ತಿರ ತಂದ. ನೋಡಿದರೆ ಸ್ಲಾಟೇ ಇಲ್ಲ. ಎಮ್ಯುಲೇಟರ್ ಬಿಟ್ಟು, ಯುಎಸ್‌ಬಿ ಕೇಬಲ್‌ನಲ್ಲಿ ತನ್ನ ಫೋನನ್ನೇ ಜೋಡಿಸಿ ಆ್ಯಪ್ ಪರೀಕ್ಷಿಸೋದನ್ನು ಆ ಹುಡುಗಿಗೆ ತೋರಿಸಿಕೊಟ್ಟೆ. ಪ್ರಾಜೆಕ್ಟ್ ಹೇಗೋ ನಡೀತಿದೆ. ಆದರೆ ಇಎಂಐ ತೀರಿದ ಸ್ವಲ್ಪ ದಿನಕ್ಕೇ ಲ್ಯಾಪ್‌ಟಾಪ್ ಸಾಲದಾಗಿದೆ, ಕೋರ್ಸ್ ಇನ್ನೂ ಒಂದೂವರೆ ವರ್ಷ ಇದೆ.

ದುಡ್ಡು ಕಡಿಮೆ ಇರೋರಿಗೆ ಸ್ಲಾಟ್ ಅನ್ನೋದು ಒಂಥರಾ ಕಂತು. ಈ ವರ್ಷ 8 ಜಿಬಿ, ಮುಂದಿನ ದೀಪಾವಳಿ ಬೋನಸ್‌ನಲ್ಲಿ ಇನ್ನೊಂದು 8. ಬೆಸುಗೆ ಹಾಕಿದ ರ‍್ಯಾಮ್‌ನಲ್ಲಿ ಆ ಕಂತು ಇಲ್ಲ. ಐದು ವರ್ಷಕ್ಕೆ ಎಷ್ಟು ಬೇಕು ಅಂತ ಕೊಂಡ ದಿನವೇ ತೀರ್ಮಾನಿಸಿ, ಅವತ್ತೇ ಪೂರ್ತಿ ದುಡ್ಡು ಹೊಂದಿಸಬೇಕು. ಅವತ್ತು ಕೈ ಬಿಗಿ ಇದ್ದವರು ಐದು ವರ್ಷವೂ ಚಿಕ್ಕ ಮೇಜಿನಲ್ಲೇ ಕೆಲಸ ಮಾಡಬೇಕು.

ರಿಪೇರಿಯದು ಇನ್ನೊಂದು ತಲೆನೋವು. ಒಂದು ಚಿಪ್ ಕೆಟ್ಟರೂ ಸರ್ವಿಸ್ ಸೆಂಟರ್‌ನವರು ಸಾಮಾನ್ಯವಾಗಿ ಇಡೀ ಮದರ್‌ಬೋರ್ಡ್ ಬದಲಾಯಿಸಬೇಕು ಅಂತಾರೆ. ವಾರಂಟಿ ಮುಗಿದಿದ್ದರೆ ಆ ಎಸ್ಟಿಮೇಟ್ ನೋಡಿ ಹೊಸದೇ ವಾಸಿ ಅನ್ನಿಸುತ್ತೆ. ಚಿಪ್ ಮಾತ್ರ ಬದಲಾಯಿಸುವ ನುರಿತ ಕೈಗಳೂ ಇವೆ. ಆದರೆ ಚಿಪ್ಪಿನ ಅಡಿಯಲ್ಲಿರುವ ಸಣ್ಣ ಸಣ್ಣ ಬೆಸುಗೆಯ ಗುಂಡುಗಳನ್ನು ಹದವಾದ ಬಿಸಿಯಲ್ಲಿ ಕರಗಿಸಿ ಮತ್ತೆ ಕೂರಿಸೋದು ಎಲ್ಲಾ ಅಂಗಡಿಯಲ್ಲೂ ಆಗುವ ಕೆಲಸ ಅಲ್ಲ. ಹಾಗಾಗಿ ಒಂದು ಚಿಪ್ಪಿನ ದೋಷಕ್ಕೆ ಇಡೀ ಬೋರ್ಡ್ ಇ-ತ್ಯಾಜ್ಯ ಆಗುತ್ತೆ. ನಮ್ಮ ಇದೇ ರಸ್ತೆಯಲ್ಲಿ ಮುಂದೆ ದಾಬಸ್‌ಪೇಟೆಯಲ್ಲಿ 2005ರಿಂದ ಇರುವ ಇ-ಪರಿಸರದಂಥ ಮರುಬಳಕೆ ಘಟಕಕ್ಕೆ ಅದು ತಲುಪಿದರೆ ಲೋಹಗಳಾದರೂ ಮತ್ತೆ ಸಿಗುತ್ತವೆ. ಗುಜರಿ ಗಾಡಿಗೆ ಹೋದರೆ ಅದೂ ಖಾತ್ರಿ ಇಲ್ಲ.

ಹಾಗಂತ ‘ಈಗ ಸ್ಲಾಟ್ ಇರೋದು ತಗೊಳ್ಳಿ, ಆಮೇಲೆ ಅಗ್ಗಕ್ಕೆ ರ‍್ಯಾಮ್ ಹಾಕಿಸಿ’ ಅನ್ನೋ ಹಳೇ ಸಲಹೆಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯ ಹೊತ್ತಿಗೆ ರ‍್ಯಾಮ್ ಬೆಲೆ ವಿಪರೀತ ಏರಿತು. ಕ್ರೂಶಿಯಲ್ ಹೆಸರಿನಲ್ಲಿ ಬಿಡಿ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಆ ಡಿಸೆಂಬರ್‌ನಲ್ಲಿ ಗ್ರಾಹಕರ ಆ ವ್ಯಾಪಾರವನ್ನೇ ಬಿಡುವುದಾಗಿ ಘೋಷಿಸಿತು. ಸ್ಲಾಟ್ ಇದ್ದರೆ ಬೆಲೆ ಇಳಿಯೋವರೆಗೆ ಕಾಯುವ ಅವಕಾಶವಾದರೂ ಇರುತ್ತೆ, ಅಷ್ಟೇ.

ಅಂಗಡಿಯಲ್ಲಿ ಪರೀಕ್ಷಿಸೋದು ಹೇಗೆ?

1. ಡೆಮೊ ಪೀಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ ನೋಡಿ. ಫಾರ್ಮ್ ಫ್ಯಾಕ್ಟರ್ ಎದುರು ‘ರೋ ಆಫ್ ಚಿಪ್ಸ್’ ಅಂತಿದ್ದರೆ ಅಂಟಿಸಿದ ರ‍್ಯಾಮ್. ‘ಎಸ್‌ಓಡಿಐಎಂಎಂ’ ಅಂತಿದ್ದರೆ ಸ್ಲಾಟ್ ಇದೆ.

2. ಆನ್‌ಲೈನ್‌ನಲ್ಲಿ ಕೊಳ್ಳೋದಾದರೆ ಮಾಡೆಲ್ ನಂಬರ್ ಹಿಡಿದು ಕಂಪನಿಯದೇ ಸ್ಪೆಸಿಫಿಕೇಶನ್ ಹಾಳೆ ತೆಗೆಯಿರಿ. ‘ಸೋಲ್ಡರ್ಡ್’, ‘ಆನ್‌ಬೋರ್ಡ್’, ‘ಎಲ್‌ಪಿಡಿಡಿಆರ್‌5ಎಕ್ಸ್’ ಪದಗಳು ಕಂಡರೆ ಎಚ್ಚರ. ಒಂದೇ ಹೆಸರಿನ ಲ್ಯಾಪ್‌ಟಾಪ್‌ನ ಎರಡು ಮಾಡೆಲ್ ನಂಬರ್‌ಗಳಲ್ಲಿ ಬೇರೆ ಬೇರೆ ಥರ ಇರಬಹುದು.

3. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 8 ಜಿಬಿ ಅಂಟಿಸಿ, ಜೊತೆಗೆ ಒಂದು ಸ್ಲಾಟ್ ಖಾಲಿ ಬಿಟ್ಟಿರುತ್ತಾರೆ. ಬಜೆಟ್ ಕಡಿಮೆ ಇದ್ದರೆ ಇದು ಒಳ್ಳೇ ಮಧ್ಯದ ದಾರಿ.

ಎಲ್‌ಪಿಕ್ಯಾಮ್2 ಅನ್ನೋ ಹೊಸ ವ್ಯವಸ್ಥೆಯೂ ಬಂದಿದೆ. ಎಲ್‌ಪಿಡಿಡಿಆರ್ ರ‍್ಯಾಮನ್ನೇ ಸ್ಕ್ರೂ ಹಾಕಿ ಕೂರಿಸಬಹುದು, ಬೇಕಾದಾಗ ಬಿಚ್ಚಬಹುದು. ಲೆನೊವೊ 2024ರಲ್ಲಿ ಥಿಂಕ್‌ಪ್ಯಾಡ್ ಪಿ1ರಲ್ಲಿ ಇದನ್ನು ತಂದಿತು. ಆದರೆ ಅದು ದುಬಾರಿ ದರ್ಜೆಯ ಲ್ಯಾಪ್‌ಟಾಪ್, ನಮ್ಮ ಬಜೆಟ್‌ಗೆ ಇಳಿಯಲು ಸಮಯ ಬೇಕು.

ನನ್ನ ಲೆಕ್ಕ ಇಷ್ಟು. ಕಚೇರಿ ಕೆಲಸ, ಪ್ರಯಾಣ ಜಾಸ್ತಿ, ಒಮ್ಮೆಲೇ 16 ಅಥವಾ 32 ಜಿಬಿ ಕೊಳ್ಳಲು ಆಗುತ್ತೆ ಅಂದರೆ ಅಂಟಿಸಿದ ರ‍್ಯಾಮ್ ಧೈರ್ಯವಾಗಿ ತಗೊಳ್ಳಿ. 8 ಜಿಬಿಗೆ ಮಾತ್ರ ದುಡ್ಡಿದೆ, ನಾಲ್ಕು ವರ್ಷದ ಕೋರ್ಸ್ ಮುಂದಿದೆ ಅಂದರೆ, ಸ್ವಲ್ಪ ದಪ್ಪ ಇದ್ದರೂ ಸರಿ, ಸ್ಲಾಟ್ ಇರೋದನ್ನೇ ಹುಡುಕಿ. 8 ಜಿಬಿ ಅಂಟಿಸಿ ಸ್ಲಾಟ್ ಕೊಡದ ಲ್ಯಾಪ್‌ಟಾಪನ್ನು ಓದುವ ಮಕ್ಕಳಿಗೆ ಕೊಡಿಸಬೇಡಿ, ಎಷ್ಟೇ ಡಿಸ್ಕೌಂಟ್ ಇರಲಿ. ಮತ್ತೆ, ‘ಆಮೇಲೆ ಹಾಕಿಸ್ಕೋಬಹುದು’ ಅಂತ ಅಂಗಡಿಯವರು ಅಂದರೆ, ಆ ಮಾತನ್ನು ಬಿಲ್ಲಿನ ಮೇಲೆ ಬರೆದುಕೊಡಿ ಅಂತ ಕೇಳಿ.